ಮೌಸ್ ತೆಗೆದಿಟ್ಟು ಶುರುಮಾಡಿ: ಕಂಪ್ಯೂಟರ್ ಸೈನ್ಸ್ ಲ್ಯಾಬಿನಲ್ಲಿ ಸಾರ್ವತ್ರಿಕ ವಿನ್ಯಾಸ ಕಲಿಸುವ ಬಗೆ

ಈ ಮಾರ್ಗದರ್ಶಿ ವೆಬ್ ಪ್ರೋಗ್ರಾಮಿಂಗ್ ಲ್ಯಾಬ್ ನಡೆಸುವ ಅಧ್ಯಾಪಕರಿಗೆ. ಬಿಇ, ಬಿಸಿಎ, ಡಿಪ್ಲೊಮಾ ಯಾವುದಾದರೂ ಸರಿ. ಸಾರ್ವತ್ರಿಕ ವಿನ್ಯಾಸವನ್ನು, ಅಂದರೆ ಅಂಗವಿಕಲರೂ ಸೇರಿ ಎಲ್ಲರೂ ಬಳಸಬಹುದಾದಂತೆ ಮೊದಲಿನಿಂದಲೇ ರೂಪಿಸುವ ಬಗೆಯನ್ನು, ಹೆಚ್ಚಿನ ಕಡೆ ಸೆಮಿಸ್ಟರ್ ಕೊನೆಯಲ್ಲಿ, ಸಿಲಬಸ್ ಮುಗಿದು ಸಮಯ ಉಳಿದರೆ, ಒಂದು ಪಿಪಿಟಿ ತೋರಿಸಿ ಮುಗಿಸುತ್ತಾರೆ. ಹಾಗೆ ಹೇಳಿದ್ದು ಪರೀಕ್ಷೆಯಲ್ಲಿ ಐದು ಅಂಕದ ಟಿಪ್ಪಣಿಯಾಗಿ ಬಂದೀತು, ವಿದ್ಯಾರ್ಥಿಯ ಕೋಡಿನಲ್ಲಿ ಕಾಣಿಸುವುದಿಲ್ಲ. ಕೋಡಿನಲ್ಲಿ ಕಾಣಿಸಬೇಕಾದರೆ ಮೊದಲ ಲ್ಯಾಬಿನಿಂದಲೇ ಅದು ಅಂಕಪಟ್ಟಿಯಲ್ಲಿರಬೇಕು. ಜೊತೆಗೆ ಸೆಮಿಸ್ಟರ್ ಪೂರ್ತಿ ಒಂದೇ ಪ್ರೋಗ್ರಾಮನ್ನು ತಿದ್ದುತ್ತಾ ಹೋಗಬೇಕು.

ಆ ಪ್ರೋಗ್ರಾಮಿಗೆ ವಿದ್ಯಾರ್ಥಿ ಬಸ್ ಪಾಸ್ ಅರ್ಜಿ ಚೆನ್ನಾಗಿ ಹೊಂದುತ್ತದೆ. ಹೆಸರು, ಹುಟ್ಟಿದ ದಿನಾಂಕ, ವಿಳಾಸ, ಪಿನ್‌ಕೋಡ್, ಎಲ್ಲಿಂದ ಎಲ್ಲಿಗೆ, ಫೋಟೊ ಅಪ್‌ಲೋಡ್, ಓಟಿಪಿ, ಕೊನೆಗೆ ಸಲ್ಲಿಸುವ ಬಟನ್. ಇಷ್ಟರೊಳಗೆ ಕಲಿಸಬೇಕಾದ ಎಲ್ಲ ತೊಡಕೂ ಬರುತ್ತದೆ. ಜೊತೆಗೆ, ಇದನ್ನು ತುಂಬುವವರು ಯಾರು ಎಂದು ಯಾವ ವಿದ್ಯಾರ್ಥಿಗೂ ವಿವರಿಸಬೇಕಿಲ್ಲ.

ಲ್ಯಾಬ್ ತಯಾರಿ

ಖರ್ಚು ಎಂದರೆ ಇಬ್ಬರಿಗೆ ಒಂದರಂತೆ ಹೆಡ್‌ಫೋನ್ ಮಾತ್ರ. ಉಳಿದದ್ದೆಲ್ಲ ಉಚಿತ. ವಿಂಡೋಸ್ ಯಂತ್ರಗಳಿಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬೇಕು. ಪರದೆಯ ಮೇಲಿರುವುದನ್ನು ಓದಿ ಹೇಳುವ ಈ ತಂತ್ರಾಂಶವನ್ನು 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಮೈಕೆಲ್ ಕರನ್ ಶುರುಮಾಡಿದರು, ಜೇಮ್ಸ್ ಟೇ ಜೊತೆಗೂಡಿದರು, ಇಬ್ಬರೂ ಅಂಧರು. ಕಾಲೇಜು ಲ್ಯಾಬ್‌ಗಳಲ್ಲಿ ಅಡ್ಮಿನ್ ಪಾಸ್‌ವರ್ಡ್ ಸಿಗುವುದು ಕಷ್ಟ. ಅದಕ್ಕಾಗಿ ಕಾಯಬೇಡಿ. ಎನ್‌ವಿಡಿಎಗೆ ಪೋರ್ಟಬಲ್ ಪ್ರತಿ ಮಾಡಿಕೊಳ್ಳುವ ಸೌಲಭ್ಯ ಇದೆ, ಪೆನ್‌ಡ್ರೈವ್‌ನಿಂದಲೇ ನಡೆಯುತ್ತದೆ.

ಇಲ್ಲಿ ಒಂದು ಮುಖ್ಯ ಹೊಂದಿಕೆ ಇದೆ. ವಿಂಡೋಸ್ 10 ಮತ್ತು 11ರಲ್ಲಿ ಎನ್‌ವಿಡಿಎ ತಾನಾಗಿ ವಿಂಡೋಸಿನ ಧ್ವನಿಯನ್ನೇ ಆರಿಸಿಕೊಳ್ಳುತ್ತದೆ. ಆ ಯಂತ್ರದಲ್ಲಿ ಕನ್ನಡ ಧ್ವನಿ ಇಲ್ಲದಿದ್ದರೆ ಕನ್ನಡ ಪಠ್ಯದ ಹತ್ತಿರ ಬಂದಾಗ ಸಾಮಾನ್ಯವಾಗಿ ಮೌನ. ವಿದ್ಯಾರ್ಥಿಗಳು ತಮ್ಮ ಕೋಡ್ ಕೆಟ್ಟಿದೆ ಎಂದುಕೊಂಡು ಇಡೀ ಅವಧಿ ಹುಡುಕುತ್ತಾರೆ. ಇನ್ಸರ್ಟ್, ಕಂಟ್ರೋಲ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿ ಸಿಂಥಸೈಜರ್ ಪಟ್ಟಿಯಲ್ಲಿ ಈಸ್ಪೀಕ್ ಎನ್‌ಜಿ ಆರಿಸಿ. ಅದು ಎನ್‌ವಿಡಿಎ ಜೊತೆಗೇ ಬರುತ್ತದೆ, ಕನ್ನಡ ಓದುತ್ತದೆ. ಉಚ್ಚಾರ ಯಂತ್ರದ ಹಾಗಿರುತ್ತದೆ, ಆದರೆ ಅರ್ಥವಾಗುತ್ತದೆ. ಓದುವ ವೇಗವನ್ನು ಮೊದಲ ದಿನ ತಗ್ಗಿಸಿಡಿ. ಟೂಲ್ಸ್ ಮೆನುವಿನಲ್ಲಿ ಸ್ಪೀಚ್ ವ್ಯೂವರ್ ತೆರೆದರೆ ಆಡಿದ ಮಾತೆಲ್ಲ ಅಕ್ಷರದಲ್ಲೂ ಕಾಣುತ್ತದೆ. ಮೂವತ್ತು ಜನರ ಲ್ಯಾಬಿನಲ್ಲಿ ಇದಿಲ್ಲದೆ ತರಗತಿ ನಡೆಸುವುದು ಕಷ್ಟ. ಕಿವುಡ ವಿದ್ಯಾರ್ಥಿ ಇದ್ದರಂತೂ ಇದು ಬೇಕೇ ಬೇಕು. ವಿದ್ಯಾರ್ಥಿ ಕಳಿಸುವ ಪರೀಕ್ಷಾ ವರದಿಗೂ ಇದನ್ನೇ ನಕಲು ಮಾಡಿ ಅಂಟಿಸಬಹುದು.

ಪುಟವನ್ನು ತಾನಾಗಿ ಪರೀಕ್ಷಿಸಿ ಅಂಕ ಕೊಡುವ ಲೈಟ್‌ಹೌಸ್ ಕ್ರೋಮ್‌ನಲ್ಲಿ ಮೊದಲೇ ಇದೆ. ತಪ್ಪು ಹುಡುಕುವ ಆಕ್ಸ್ ಅಥವಾ ವೇವ್ ಎಕ್ಸ್‌ಟೆನ್ಶನ್‌ಗಳಲ್ಲಿ ಒಂದನ್ನು ಹಾಕಿಸಿ. ಆದರೆ ಅವುಗಳನ್ನು ಅರ್ಧ ಸೆಮಿಸ್ಟರ್ ಆಗುವವರೆಗೆ ತೋರಿಸಬೇಡಿ. ಕಾರಣ ಮುಂದೆ ಬರುತ್ತದೆ.

ಮೊದಲ ತರಗತಿ: ಏಳು ತತ್ವ, ಒಂದು ಅರ್ಜಿ

ಸಾರ್ವತ್ರಿಕ ವಿನ್ಯಾಸ ಹುಟ್ಟಿದ್ದು ಕಟ್ಟಡಗಳ ಲೋಕದಲ್ಲಿ. ವೀಲ್‌ಚೇರ್ ಬಳಸುತ್ತಿದ್ದ ವಾಸ್ತುಶಿಲ್ಪಿ ರಾನ್ ಮೇಸ್ ಈ ಹೆಸರನ್ನು ಬಳಕೆಗೆ ತಂದರು. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಅವರೂ ಅವರ ಜೊತೆಗಾರರೂ 1997ರಲ್ಲಿ ಏಳು ತತ್ವಗಳನ್ನು ಬರೆದರು. ಎಲ್ಲರಿಗೂ ಸಮಾನ ಬಳಕೆ, ಬಳಸುವ ಬಗೆಯಲ್ಲಿ ಆಯ್ಕೆ, ನೋಡಿದೊಡನೆ ತಿಳಿಯುವ ಸರಳತೆ, ಇಂದ್ರಿಯಕ್ಕೆ ಎಟುಕುವ ಮಾಹಿತಿ, ತಪ್ಪನ್ನು ತಾಳಿಕೊಳ್ಳುವ ಗುಣ, ಕಡಿಮೆ ಶ್ರಮ, ತಲುಪಲು ತಕ್ಕ ಅಳತೆ ಮತ್ತು ಜಾಗ.

ಇವನ್ನು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸುವುದರಿಂದ ಏನೂ ಸಿಗದು. ಅರ್ಜಿಯ ಒಂದೇ ಭಾಗವನ್ನು, ಉದಾಹರಣೆಗೆ ಓಟಿಪಿಯನ್ನು, ಏಳೂ ತತ್ವಗಳ ಮುಂದಿಟ್ಟು ಪರೀಕ್ಷಿಸಿ. ಮೂವತ್ತು ಸೆಕೆಂಡಿನಲ್ಲಿ ಓಟಿಪಿ ಸತ್ತುಹೋಗುತ್ತದೆ ಎಂದಿಟ್ಟುಕೊಳ್ಳಿ. ನೆಟ್‌ವರ್ಕ್ ಮಂದವಿರುವ ಊರಿನಲ್ಲಿ ಎಸ್‌ಎಂಎಸ್ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ನಡುಗುವ ಕೈಯವರಿಗೆ ಆರು ಅಂಕಿ ಒತ್ತಲು ಸಮಯ ಸಾಲದು. ಸ್ಕ್ರೀನ್ ರೀಡರ್ ಬಳಸುವವರು ಸಂದೇಶದ ಆ್ಯಪ್‌ಗೆ ಹೋಗಿ, ಕೇಳಿ, ನೆನಪಿಟ್ಟುಕೊಂಡು ಮರಳಬೇಕು. ಮೂರು ಬೇರೆ ಬೇರೆ ಜನ, ತಪ್ಪು ಒಂದೇ, ತಿದ್ದುಪಡಿಯೂ ಒಂದೇ. ಸಾರ್ವತ್ರಿಕ ವಿನ್ಯಾಸದ ತಿರುಳು ಇದರಲ್ಲಿದೆ.

ಕೂಡಲೇ ತಿದ್ದಿಸಿ. ಒಂದೊಂದು ಅಂಕಿಗೆ ಒಂದೊಂದರಂತೆ ಆರು ಪೆಟ್ಟಿಗೆ ಇಟ್ಟಿದ್ದರೆ ತೆಗೆದು ಒಂದೇ ಇನ್‌ಪುಟ್ ಮಾಡಿಸಿ. ಆರು ಪೆಟ್ಟಿಗೆಯಲ್ಲಿ ಪೇಸ್ಟ್ ಕೆಡುತ್ತದೆ, ಫೋಕಸ್ (ಕೀಬೋರ್ಡ್ ಈಗ ಯಾವ ಅಂಶದ ಮೇಲಿದೆ ಎಂಬುದು) ತಾನಾಗಿ ಜಿಗಿಯುವುದರಿಂದ ಸ್ಕ್ರೀನ್ ರೀಡರ್ ಪ್ರತಿ ಅಂಕಿಗೂ ಅಡ್ಡ ಬಾಯಿ ಹಾಕುತ್ತದೆ. ಪೇಸ್ಟ್ ತಡೆಯುವ ಕೋಡ್ ಇರಕೂಡದು. ಆಟೊಕಂಪ್ಲೀಟ್‌ಗೆ ಒನ್-ಟೈಮ್-ಕೋಡ್ ಬೆಲೆ, ಇನ್‌ಪುಟ್‌ಮೋಡ್‌ಗೆ ನ್ಯೂಮರಿಕ್ ಕೊಡಿಸಿ. ಸಮಯದ ಮಿತಿ ಬೇಕೇ ಬೇಕೆಂದರೆ, ಮುಗಿಯುವ ಮೊದಲು ಎಚ್ಚರಿಸಿ, ಒಂದೇ ಕೀ ಒತ್ತಿ ವಿಸ್ತರಿಸಲು ಕನಿಷ್ಠ 20 ಸೆಕೆಂಡ್ ಕೊಟ್ಟು, ಕನಿಷ್ಠ ಹತ್ತು ಸಲ ವಿಸ್ತರಿಸಲು ಬಿಡಬೇಕು ಎಂಬುದು ಡಬ್ಲ್ಯೂಸಿಎಜಿ (ಜಾಲಪುಟಗಳು ಎಲ್ಲರಿಗೂ ಎಟುಕುವಂತೆ ಮಾಡುವ ಅಂತರರಾಷ್ಟ್ರೀಯ ಮಾರ್ಗಸೂಚಿ) ಒಪ್ಪುವ ಮಾರ್ಗಗಳಲ್ಲೊಂದು.

ಡಬ್ಲ್ಯೂಸಿಎಜಿ ಹೆಸರು ಬಂದಾಗಲೇ ಎರಡರ ಸಂಬಂಧ ಹೇಳಿಬಿಡಿ. ಸಾರ್ವತ್ರಿಕ ವಿನ್ಯಾಸ ಯೋಚಿಸುವ ದಾರಿ. ಡಬ್ಲ್ಯೂಸಿಎಜಿ ಅಳೆಯುವ ಕೋಲು. ಅದರ 2.2ನೇ ಆವೃತ್ತಿ ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಅದರ ಎ, ಎಎ, ಎಎಎ ಹಂತಗಳಲ್ಲಿ ವಿದ್ಯಾರ್ಥಿಗಳಿಗೆ ನಡುವಿನ ಎಎ ಹಂತದ ಗುರಿ ಸಾಕು.

ಕಾನೂನನ್ನೂ ಐದು ನಿಮಿಷದಲ್ಲಿ ಹೇಳಿ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ, 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಕೆವೈಸಿ ಪ್ರಕರಣದಲ್ಲಿ, ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರು. ಇದರಾಚೆ ಮೊದಲ ದಿನ ಅಂಕಿ ಅಂಶ ಬೇಡ.

ಇನ್ನೊಂದು ಕೆಲಸವನ್ನು ದಯವಿಟ್ಟು ಮಾಡಿಸಬೇಡಿ: ಕಣ್ಣಿಗೆ ಬಟ್ಟೆ ಕಟ್ಟಿ ‘ಅಂಧರ ಅನುಭವ’ ಮಾಡಿಸುವುದು. ಹತ್ತು ನಿಮಿಷ ಕಣ್ಣು ಮುಚ್ಚಿದವನಿಗೆ ದಕ್ಕುವುದು ಹೊಸದಾಗಿ ಕಣ್ಣು ಕಳೆದುಕೊಂಡವನ ಗಾಬರಿ. ವರ್ಷಗಟ್ಟಲೆ ಸ್ಕ್ರೀನ್ ರೀಡರ್ ಬಳಸಿ ನಮ್ಮ ಕಿವಿಗೆ ಹಿಡಿಯಲಾಗದ ವೇಗದಲ್ಲಿ ಕೇಳಿ ಕೆಲಸ ಮಾಡುವವರ ಪರಿಣತಿ ಅದರಲ್ಲಿ ಕಾಣುವುದೇ ಇಲ್ಲ. ವಿದ್ಯಾರ್ಥಿ ಅಯ್ಯೋ ಪಾಪ ಎನ್ನುತ್ತಾ ಹೊರಗೆ ಬರುತ್ತಾನೆ. ನಮಗೆ ಬೇಕಾದ್ದು ಬಗ್ ಹುಡುಕುವವನ ಕಣ್ಣು.

ಎರಡನೇ ವಾರ: ಮೌಸ್ ತೆಗೆದಿಡಿ

ಎಲ್ಲ ಯಂತ್ರಗಳ ಮೌಸ್ ಕೇಬಲ್ ಕಿತ್ತು ಮೇಜಿನ ಮೇಲೆ ರಾಶಿ ಹಾಕಿ. ಲ್ಯಾಪ್‌ಟಾಪ್ ಆದರೆ ಟಚ್‌ಪ್ಯಾಡ್ ಮೇಲೆ ಒಂದು ಕಾಗದ ಅಂಟಿಸಿ. ತಾವೇ ಬರೆದ ಅರ್ಜಿಯನ್ನು ಟ್ಯಾಬ್, ಶಿಫ್ಟ್-ಟ್ಯಾಬ್, ಎಂಟರ್, ಸ್ಪೇಸ್, ಬಾಣದ ಕೀಗಳು, ಎಸ್ಕೇಪ್ ಇಷ್ಟರಲ್ಲೇ ತುಂಬಿ ಸಲ್ಲಿಸಬೇಕು. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ: ಯಾವ ಅಂಶ, ಫೋಕಸ್ ಬಂತೇ, ಬಂದದ್ದು ಕಣ್ಣಿಗೆ ಕಂಡಿತೇ, ಕೆಲಸ ಮಾಡಿತೇ.

ಹೆಚ್ಚಿನ ಅರ್ಜಿಗಳು ಮೂರು ಕಡೆ ನಿಂತುಹೋಗುತ್ತವೆ. ಮೊದಲನೆಯದು ಸಲ್ಲಿಸುವ ಬಟನ್. ಅದು ಬಟನ್ ಆಗಿರುವುದೇ ಇಲ್ಲ. ಬಣ್ಣ ಬಳಿದ ಡಿವ್‌ಗೆ ಆನ್‌ಕ್ಲಿಕ್ ಸಿಕ್ಕಿಸಿರುತ್ತಾರೆ. ಇಲ್ಲಿ ‘ಬಟನ್ ಬಳಸಿ’ ಎಂದು ಹೇಳಿ ಮುಂದೆ ಹೋದರೆ ಪಾಠ ತಪ್ಪಿತು. ಆ ಡಿವ್ ಅನ್ನೇ ನಿಜವಾದ ಬಟನ್ನಿನಂತೆ ನಡೆಯುವ ಹಾಗೆ ಮಾಡಿ ಎಂದು ಅರ್ಧ ಗಂಟೆ ಕೊಡಿ. ಟ್ಯಾಬ್‌ಇಂಡೆಕ್ಸ್ ಸೊನ್ನೆ ಇಡಬೇಕು, ರೋಲ್ ಬಟನ್ ಎಂದು ಬರೆಯಬೇಕು, ಎಂಟರ್ ಒತ್ತಿದ ತಕ್ಷಣ ಕೆಲಸವಾಗಬೇಕು, ಸ್ಪೇಸ್ ಮಾತ್ರ ಒತ್ತಿ ಬಿಟ್ಟಾಗ ಆಗಬೇಕು, ಸ್ಪೇಸ್ ಒತ್ತಿದಾಗ ಪುಟ ಕೆಳಗೆ ಜಾರುವುದನ್ನು ತಡೆಯಬೇಕು, ಡಿಸೇಬಲ್ ಆದಾಗ ಇವೆಲ್ಲ ನಿಲ್ಲಬೇಕು. ಹತ್ತಿಪ್ಪತ್ತು ಸಾಲು ಬರೆದು, ಎರಡು ಬಗ್ ಸರಿಮಾಡಿ, ಆಮೇಲೆ ಅಷ್ಟನ್ನೂ ಅಳಿಸಿ ಬಟನ್ ಎಂಬ ಒಂದು ಟ್ಯಾಗ್ ಹಾಕಿದಾಗ ಅದು ಜನ್ಮದಲ್ಲಿ ಮರೆಯುವುದಿಲ್ಲ. ಎಚ್‌ಟಿಎಂಎಲ್‌ನ ಮೂಲ ಅಂಶಗಳು ಪುಕ್ಕಟೆ ಕೊಡುವುದು ಎಷ್ಟು ಎಂಬುದರ ಲೆಕ್ಕ ಕೈಗೆ ಸಿಗುತ್ತದೆ.

ಎರಡನೆಯದು ಕಾಣದ ಫೋಕಸ್. ಎಲ್ಲಿಂದಲೋ ನಕಲು ಮಾಡಿದ ಸಿಎಸ್‌ಎಸ್‌ನಲ್ಲಿ ಔಟ್‌ಲೈನ್‌ಗೆ ‘ನನ್’ (ಏನೂ ಬೇಡ) ಎಂಬ ಬೆಲೆ ಇರುತ್ತದೆ. ಆ ಗೆರೆ ಅಂದಗೆಡಿಸುತ್ತದೆ ಎಂದು ತೆಗೆದವರು ಅದರ ಜಾಗಕ್ಕೆ ಏನನ್ನೂ ಇಟ್ಟಿಲ್ಲ. ಫೋಕಸ್-ವಿಸಿಬಲ್ ಬಳಸಿ 2 ಅಥವಾ 3 ಪಿಕ್ಸೆಲ್ ದಪ್ಪದ, ಹಿನ್ನೆಲೆಯೊಂದಿಗೆ ಕನಿಷ್ಠ 3:1 ಬಣ್ಣ ವ್ಯತ್ಯಾಸದ (ಲೆಕ್ಕ ಎಂಟನೇ ವಾರದಲ್ಲಿದೆ) ಗೆರೆ ಹಾಕಿಸಿ. ಪುಟದ ತಲೆಗೆ ಅಂಟಿಕೊಂಡ ಹೆಡರ್ ಕೆಳಗೆ ಫೋಕಸ್ ಮುಚ್ಚಿಹೋಗುವುದನ್ನೂ ನೋಡಿಸಿ, 2.2ನೇ ಆವೃತ್ತಿ ಇದನ್ನು ಹೊಸದಾಗಿ ಸೇರಿಸಿತು.

ಮೂರನೆಯದು ಪಾಪ್‌ಅಪ್. ‘ಅರ್ಜಿ ಸಲ್ಲಿಸಬೇಕೇ?’ ಎಂಬ ಪೆಟ್ಟಿಗೆ ತೆರೆದುಕೊಂಡಿದೆ, ಟ್ಯಾಬ್ ಒತ್ತಿದರೆ ಫೋಕಸ್ ಅದರ ಹಿಂದಿನ ಪುಟದಲ್ಲಿ ಅಲೆಯುತ್ತಿದೆ. ಡೈಲಾಗ್ ಅಂಶವನ್ನು ಶೋಮೋಡಲ್ ಮೂಲಕ ತೆರೆದರೆ ಫೋಕಸ್ ಒಳಗೆ ಹೋಗುತ್ತದೆ, ಹಿಂದಿನ ಪುಟ ನಿಷ್ಕ್ರಿಯವಾಗುತ್ತದೆ, ಎಸ್ಕೇಪ್‌ಗೆ ಮುಚ್ಚುತ್ತದೆ, ಮುಚ್ಚಿದ ಮೇಲೆ ಫೋಕಸ್ ತೆರೆದ ಬಟನ್ನಿಗೇ ಮರಳುತ್ತದೆ.

ಟ್ಯಾಬ್ ಕ್ರಮ ಸರಿಯಿಲ್ಲ ಎಂದು ಕೆಲವರು ಟ್ಯಾಬ್‌ಇಂಡೆಕ್ಸ್‌ಗೆ 1, 2, 3 ಎಂದು ಅಂಕಿ ಕೊಡಲು ಶುರುಮಾಡುತ್ತಾರೆ. ಬಿಡಿಸಿ. ನಡುವೆ ಒಂದು ಇನ್‌ಪುಟ್ ಸೇರಿದರೆ ಎಲ್ಲವೂ ಕೆಡುತ್ತದೆ. ಎಚ್‌ಟಿಎಂಎಲ್‌ನಲ್ಲಿ ಬರೆದ ಕ್ರಮವನ್ನೇ ಸರಿಪಡಿಸಬೇಕು.

ನಾಲ್ಕನೇ ವಾರ: ಅರ್ಜಿಯನ್ನು ಕೇಳಿಸಿಕೊಳ್ಳುವುದು

ಎನ್‌ವಿಡಿಎಯ ಐದಾರು ಕೀ ಸಾಕು. ಕೆಳ ಬಾಣ ಒತ್ತಿದರೆ ಸಾಲು ಸಾಲಾಗಿ ಓದುತ್ತದೆ, ಎಚ್ ಒತ್ತಿದರೆ ಮುಂದಿನ ಶೀರ್ಷಿಕೆ, ಎಫ್ ಒತ್ತಿದರೆ ಮುಂದಿನ ಫಾರಂ ಅಂಶ, ಇನ್ಸರ್ಟ್-ಎಫ್7 ಒತ್ತಿದರೆ ಲಿಂಕ್ ಮತ್ತು ಶೀರ್ಷಿಕೆಗಳ ಪಟ್ಟಿ, ಕಂಟ್ರೋಲ್ ಒತ್ತಿದರೆ ಮಾತು ನಿಲ್ಲುತ್ತದೆ. ಇನ್ಸರ್ಟ್-ಸ್ಪೇಸ್ ಓದುವ ಸ್ಥಿತಿಗೂ ಟೈಪ್ ಮಾಡುವ ಸ್ಥಿತಿಗೂ ನಡುವೆ ಬದಲಿಸುತ್ತದೆ. ಎಚ್ ಒತ್ತಿದರೆ ಶೀರ್ಷಿಕೆಗೆ ಹೋಗುವ ಬದಲು ಪೆಟ್ಟಿಗೆಯಲ್ಲಿ ಎಚ್ ಅಕ್ಷರ ಬಿದ್ದರೆ ಟೈಪ್ ಸ್ಥಿತಿಯಲ್ಲಿದ್ದೀರಿ ಎಂದರ್ಥ. ಈ ಎರಡು ಸ್ಥಿತಿಗಳ ಗೊಂದಲ ಮೊದಲ ದಿನ ಎಲ್ಲರಿಗೂ ಆಗುತ್ತದೆ, ಅದಕ್ಕೆ ಹತ್ತು ನಿಮಿಷ ಮೀಸಲಿಡಿ.

ಸಾಮಾನ್ಯವಾಗಿ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಫಾರಂ ಅನ್ನು ಟೇಬಲ್‌ನಲ್ಲಿ ಜೋಡಿಸಿರುತ್ತಾರೆ. ಎಡ ಕಾಲಂನಲ್ಲಿ ‘ಹೆಸರು’ ಎಂಬ ಬರೀ ಪಠ್ಯ, ಬಲದಲ್ಲಿ ಇನ್‌ಪುಟ್. ಕಣ್ಣಿಗೆ ಎರಡೂ ಸೇರಿದಂತಿವೆ. ಟ್ಯಾಬ್ ಒತ್ತಿ ಅಲ್ಲಿಗೆ ಹೋದರೆ ಎನ್‌ವಿಡಿಎ ಹೇಳುವುದು ‘ಎಡಿಟ್, ಬ್ಲ್ಯಾಂಕ್’ ಎಂದಷ್ಟೇ. ಮುಂದಿನ ಪೆಟ್ಟಿಗೆಯೂ ‘ಎಡಿಟ್, ಬ್ಲ್ಯಾಂಕ್’. ಎಂಟು ಪೆಟ್ಟಿಗೆಗೂ ಅದೇ ಮಾತು. ಲೇಬಲ್ ಟ್ಯಾಗ್‌ನ ಫಾರ್ ಬೆಲೆಯೂ ಇನ್‌ಪುಟ್‌ನ ಐಡಿಯೂ ಒಂದೇ ಆದಾಗ ಅದು ‘ಹೆಸರು, ಎಡಿಟ್’ ಆಗುತ್ತದೆ. ಲೇಬಲ್ ಪದದ ಮೇಲೆ ಒತ್ತಿದರೂ ಪೆಟ್ಟಿಗೆಗೆ ಫೋಕಸ್ ಬರುವುದು ಇನ್ನೊಂದು ಲಾಭ. ಚಿಕ್ಕ ಚೆಕ್‌ಬಾಕ್ಸ್ ಮೇಲೆ ಬೆರಳು ಕೂರದವರಿಗೆ ಒತ್ತುವ ಜಾಗ ದೊಡ್ಡದಾಗುತ್ತದೆ.

ಲೇಬಲ್ ಬದಲು ಪ್ಲೇಸ್‌ಹೋಲ್ಡರ್ ಸಾಕಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬ್ರೌಸರ್ ಅದನ್ನು ಹೆಸರಾಗಿ ಒದಗಿಸುವುದೂ ನಿಜ. ಆದರೆ ಒಂದಕ್ಷರ ಟೈಪ್ ಮಾಡಿದ ಕೂಡಲೇ ಅದು ಪರದೆಯಿಂದ ಮಾಯ. ತುಂಬಿದ ಅರ್ಜಿಯನ್ನು ಮರಳಿ ನೋಡುವವರಿಗೆ ಯಾವ ಪೆಟ್ಟಿಗೆ ಯಾವುದು ಎಂದು ತಿಳಿಯುವುದಿಲ್ಲ. ನೆನಪಿನ ತೊಂದರೆ ಇರುವವರಿಗೆ, ನಡುವೆ ಫೋನ್ ಬಂದು ಎದ್ದುಹೋದವರಿಗೆ ಇದು ದೊಡ್ಡ ಕಷ್ಟ.

ರೇಡಿಯೊ ಬಟನ್‌ಗಳಿಗೆ ಫೀಲ್ಡ್‌ಸೆಟ್, ಲೆಜೆಂಡ್ ಬೇಕು. ಇಲ್ಲದಿದ್ದರೆ ‘ಹೌದು’, ‘ಇಲ್ಲ’ ಎಂಬ ಉತ್ತರಗಳು ಕೇಳಿಸುತ್ತವೆ, ಪ್ರಶ್ನೆ ಕೇಳಿಸುವುದಿಲ್ಲ.

ದೋಷ ಸೂಚನೆಗೆ ಹೆಚ್ಚು ಸಮಯ ಕೊಡಿ. ತಪ್ಪು ತುಂಬಿದ ಪೆಟ್ಟಿಗೆಯ ಅಂಚು ಕೆಂಪಾಗುವುದು ಮಾತ್ರ ಸೂಚನೆಯಾದರೆ ಅಂಧರಿಗೂ ಬಣ್ಣ ಗುರುತಿಸಲಾಗದವರಿಗೂ ಏನೂ ಆಗಿಲ್ಲ. ಏನು ತಪ್ಪು, ಹೇಗೆ ಸರಿಮಾಡಬೇಕು ಎಂಬ ವಾಕ್ಯ ಪೆಟ್ಟಿಗೆಯ ಪಕ್ಕದಲ್ಲೇ ಇರಬೇಕು, ಸ್ಕ್ರೀನ್ ರೀಡರ್‌ಗೆ ಮಾಹಿತಿ ಕೊಡುವ ಏರಿಯಾ ಗುಣಗಳಲ್ಲೊಂದಾದ ಏರಿಯಾ-ಡಿಸ್ಕ್ರೈಬ್ಡ್‌ಬೈ ಮೂಲಕ ಅದಕ್ಕೆ ಜೋಡಣೆಯಾಗಬೇಕು, ಏರಿಯಾ-ಇನ್‌ವ್ಯಾಲಿಡ್ ಟ್ರೂ ಆಗಬೇಕು, ಸಲ್ಲಿಸಿದಾಗ ಫೋಕಸ್ ಮೊದಲ ತಪ್ಪಿನ ಪೆಟ್ಟಿಗೆಗೆ ಹೋಗಬೇಕು. ‘ಅಮಾನ್ಯ ಮೌಲ್ಯ’ ಎಂಬಂಥ ಸೂಚನೆಗೆ ಅಂಕ ಕೊಡಬೇಡಿ. ‘ಪಿನ್‌ಕೋಡ್‌ನಲ್ಲಿ ಆರು ಅಂಕಿ ಇರಬೇಕು, ಈಗ ಐದು ಇದೆ’ ಎಂಬಂತಿರಲಿ.

‘ಅರ್ಜಿ ತಲುಪಿದೆ’ ಎಂಬ ಸಂದೇಶ ಪರದೆಯಲ್ಲಿ ಬಂದರೂ ಎನ್‌ವಿಡಿಎ ಸುಮ್ಮನಿರುತ್ತದೆ, ಯಾಕೆ? ರೋಲ್ ಸ್ಟೇಟಸ್ ಹಾಕಿದ್ದೇವಲ್ಲ ಎನ್ನುತ್ತಾರೆ. ನೋಡಿದರೆ ಸಂದೇಶದ ಡಿವ್ ಅನ್ನೂ ಅದರೊಳಗಿನ ಪಠ್ಯವನ್ನೂ ಜಾವಾಸ್ಕ್ರಿಪ್ಟ್ ಒಟ್ಟಿಗೆ ಸೇರಿಸಿರುತ್ತದೆ. ಆ ಡಿವ್ ಖಾಲಿಯಾಗಿ ಮೊದಲೇ ಪುಟದಲ್ಲಿರಬೇಕು. ಆಮೇಲೆ ಪಠ್ಯ ಬಿದ್ದರೆ ಅದು ಬದಲಾವಣೆ ಎಂದು ಸ್ಕ್ರೀನ್ ರೀಡರ್‌ಗೆ ಗೊತ್ತಾಗುತ್ತದೆ.

ಏರಿಯಾ ಕಲಿತ ಮೇಲೆ ಕೆಲವರು ಕಂಡಕಂಡಲ್ಲಿ ಅದನ್ನು ಚಿಮುಕಿಸುತ್ತಾರೆ. ರೋಲ್ ಬಟನ್ ಎಂದು ಬರೆದರೆ ಹೆಸರು ಬದಲಾಗುತ್ತದೆಯೇ ಹೊರತು ನಡತೆ ಬರುವುದಿಲ್ಲ. ಮೂಲ ಟ್ಯಾಗ್ ಇದ್ದಾಗ ಏರಿಯಾ ಬಳಸಿದರೆ ಅಂಕ ಕಳೆಯುವುದೇ ಒಳ್ಳೆಯದು.

ಒಂದು ಅವಧಿಯನ್ನು ಫೋನಿಗೆ ಕೊಡಿ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಹಾಕಿ, ಬಲಕ್ಕೆ ಸವರಿದರೆ ಮುಂದಿನ ಅಂಶ, ಎರಡು ಸಲ ತಟ್ಟಿದರೆ ಒತ್ತಿದಂತೆ. ಅದನ್ನು ಆಫ್ ಮಾಡುವ ವಿಧಾನವನ್ನು ಮೊದಲೇ ಹೇಳಿಡಿ: ಎರಡೂ ವಾಲ್ಯೂಮ್ ಕೀಗಳನ್ನು ಮೂರು ಸೆಕೆಂಡ್ ಒತ್ತಿ ಹಿಡಿಯುವ ಶಾರ್ಟ್‌ಕಟ್ ಅನ್ನು ಸೆಟ್ಟಿಂಗ್ಸ್‌ನಲ್ಲಿ ಹಾಕಿಸಿದ ಮೇಲೆಯೇ ಟಾಕ್‌ಬ್ಯಾಕ್ ಶುರುಮಾಡಿಸಿ.

ಆರನೇ ವಾರ: ಕನ್ನಡದಲ್ಲಿ ತುಂಬುವವರು

ಈ ಪಾಠ ಬೇರೆ ಭಾಷೆಯ ಪುಸ್ತಕಗಳಲ್ಲಿ ಸಿಗುವುದಿಲ್ಲ, ನಾವೇ ಕಲಿಸಬೇಕು. ಕರ್ನಾಟಕದಲ್ಲಿ ಬಳಕೆಯಾಗುವ ಅರ್ಜಿ ಕನ್ನಡವನ್ನು ಒಪ್ಪಿಕೊಳ್ಳದಿದ್ದರೆ ಉಳಿದ ಯಾವ ತತ್ವ ಪಾಲಿಸಿಯೂ ಅದು ಸಾರ್ವತ್ರಿಕವಲ್ಲ.

ಮೊದಲು ಪುಟದ ಲ್ಯಾಂಗ್ ಗುಣ. ಎಡಿಟರ್ ತಾನಾಗಿ ಬರೆದುಕೊಡುವ ಚೌಕಟ್ಟಿನಲ್ಲಿ ಇಂಗ್ಲಿಷ್ ಎಂದಿರುತ್ತದೆ, ಪುಟ ಪೂರ್ತಿ ಕನ್ನಡವಾದರೂ ಯಾರೂ ಅದನ್ನು ಮುಟ್ಟುವುದಿಲ್ಲ. ಕನ್ನಡದ ಎರಡಕ್ಷರದ ಸಂಕೇತ ಕೆ, ಎನ್. ಅದನ್ನು ಹಾಕುವ ಮೊದಲು ಮತ್ತು ಹಾಕಿದ ಮೇಲೆ ಎನ್‌ವಿಡಿಎಯಲ್ಲಿ ಕೇಳಿಸಿ. ನಡುವೆ ಇಂಗ್ಲಿಷ್ ವಾಕ್ಯವಿದ್ದರೆ ಆ ಭಾಗಕ್ಕೆ ಬೇರೆ ಲ್ಯಾಂಗ್ ಕೊಡಬೇಕು. ಬಸ್, ಪಾಸ್, ಫೋಟೊಗಳಂಥ ಕನ್ನಡವೇ ಆಗಿಹೋದ ಪದಗಳಿಗೆ ಬೇಡ. ಪದಪದಕ್ಕೂ ಧ್ವನಿ ಬದಲಾದರೆ ಕೇಳುವುದು ಹಿಂಸೆ.

ಆಮೇಲೆ ಹಳೆಯ ನುಡಿ ಫಾಂಟ್ ಬಳಸಿದ ಒಂದು ಕಡತ ತಂದು ಎನ್‌ವಿಡಿಎಯಲ್ಲಿ ಓದಿಸಿ. ಯೂನಿಕೋಡ್ ಅಲ್ಲದ ನುಡಿ ಅಕ್ಷರವಿನ್ಯಾಸದಲ್ಲಿ ‘ಕನ್ನಡ’ ಎಂದು ಕಣ್ಣಿಗೆ ಕಾಣುವ ಪದದ ಒಳಗೆ ಇರುವುದು ಇಂಗ್ಲಿಷಿನ ಪಿ, ಪೌಂಡ್ ಹಣದ ಚಿಹ್ನೆ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ನಡುನಡುವೆ ತಲೆಯ ಮೇಲೆ ಗೀಟಿರುವ ಎ. ಫಾಂಟ್ ಅವುಗಳಿಗೆ ಕನ್ನಡದ ವೇಷ ಹಾಕಿದೆ. ಸ್ಕ್ರೀನ್ ರೀಡರ್ ವೇಷ ನೋಡುವುದಿಲ್ಲ, ಒಳಗಿನದನ್ನು ಓದುತ್ತದೆ. ಹುಡುಕಿದರೂ ಸಿಗದು, ನಕಲು ಮಾಡಿದರೆ ಕಸ. ಕಚೇರಿಗಳಲ್ಲಿ ಇಂಥ ಕಡತಗಳು ಇಂದಿಗೂ ರಾಶಿ ಇವೆ. ಇವನ್ನು ಯೂನಿಕೋಡಿಗೆ ಪರಿವರ್ತಿಸುವ ಪ್ರೋಗ್ರಾಂ ಬರೆಯುವುದು ಮಿನಿ ಪ್ರಾಜೆಕ್ಟ್‌ಗೆ ಒಳ್ಳೆಯ ವಿಷಯ. ಒತ್ತಕ್ಷರ, ಅರ್ಕಾವೊತ್ತುಗಳು ಬರೆದ ಕ್ರಮದಲ್ಲೂ ಯೂನಿಕೋಡ್ ಕ್ರಮದಲ್ಲೂ ಬೇರೆ ಬೇರೆ ಜಾಗದಲ್ಲಿರುವುದರಿಂದ ಬರೀ ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಸಾಲದು. ವಿದ್ಯಾರ್ಥಿಗೆ ತಲೆ ಓಡಿಸಲು ಸಾಕಷ್ಟು ಕೆಲಸ ಇದೆ.

ಹೆಸರಿನ ಪೆಟ್ಟಿಗೆಗೆ ಬನ್ನಿ. ಇಂಗ್ಲಿಷ್ ಎ ಇಂದ ಜೆಡ್ ಮಾತ್ರ ಒಪ್ಪುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಮೊದಲ ತಪ್ಪು. ಅದನ್ನು ತಿದ್ದಿ ಯೂನಿಕೋಡ್‌ನ ‘ಅಕ್ಷರ’ ವರ್ಗವನ್ನು ಹಾಕಿದ ಜಾಣರೂ ಎಡವುತ್ತಾರೆ. ಕನ್ನಡದ ಗುಣಿತ ಚಿಹ್ನೆಗಳೂ ವಿರಾಮವೂ (ಅರ್ಧಾಕ್ಷರ ಮಾಡುವ ಚಿಹ್ನೆ) ಯೂನಿಕೋಡ್ ಲೆಕ್ಕದಲ್ಲಿ ಅಕ್ಷರಗಳಲ್ಲ, ‘ಗುರುತು’ ಎಂಬ ಬೇರೆ ವರ್ಗ. ಹಾಗಾಗಿ ‘ಕಮಲ’ ದಾಟುತ್ತದೆ, ‘ಲಕ್ಷ್ಮೀ’ ಸಿಕ್ಕಿಬೀಳುತ್ತದೆ. ಎರಡೂ ವರ್ಗ ಸೇರಿಸಿದ ಮೇಲೂ ‘ರಾಜ್‌ಕುಮಾರ್’ ಎಂಬ ಹೆಸರು ನಿಲ್ಲುತ್ತದೆ, ಯಾಕೆಂದರೆ ಜ ಮತ್ತು ಕ ಒತ್ತಾಗಿ ಸೇರದಂತೆ ತಡೆಯುವ, ಕಣ್ಣಿಗೆ ಕಾಣದ ಸೊನ್ನೆ ಅಗಲದ ಸಂಕೇತ ಅದರ ನಡುವಿದೆ. ಈ ಮೂರು ಹೆಸರನ್ನೂ ಟೆಸ್ಟ್ ಕೇಸ್ ಆಗಿ ಕೊಡಿ. ಹೆಸರಿಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ನೇ ಬೇಡ, ಖಾಲಿ ಇಲ್ಲದಿದ್ದರೆ ಸಾಕು ಎಂದು ಯಾರಾದರೂ ವಾದಿಸಿದರೆ ಅವರಿಗೆ ಪೂರ್ಣ ಅಂಕ.

ಉದ್ದದ ಮಿತಿ ಇನ್ನೊಂದು ಕಣ್ಕಟ್ಟು. ‘ಕೃಷ್ಣಮೂರ್ತಿ’ ಓದುವವರಿಗೆ ನಾಲ್ಕು ಅಕ್ಷರ. ಜಾವಾಸ್ಕ್ರಿಪ್ಟ್‌ಗೆ ಅದರ ಉದ್ದ 11. ಯುಟಿಎಫ್-8ರಲ್ಲಿ ಪ್ರತಿ ಸಂಕೇತಕ್ಕೆ 3 ಬೈಟ್, ಒಟ್ಟು 33. ಬೈಟ್ ಲೆಕ್ಕದ 20ರ ಕಾಲಂಗೆ ಆರು ಸಂಕೇತವಷ್ಟೇ ಹಿಡಿಸುತ್ತವೆ, ಹೆಸರು ಅರ್ಧಕ್ಕೆ ತುಂಡಾಗುತ್ತದೆ. ಡಿಬಿಎಂಎಸ್ ಲ್ಯಾಬ್ ನಡೆಸುವ ಸಹೋದ್ಯೋಗಿಯೊಂದಿಗೆ ಈ ಅಭ್ಯಾಸವನ್ನು ಹಂಚಿಕೊಳ್ಳಿ.

ಕೊನೆಯ ಹೆಸರು ಕಡ್ಡಾಯ ಎಂಬ ಪೆಟ್ಟಿಗೆ ತೆಗೆಸಿ. ಊರಿನದೋ ತಂದೆಯದೋ ಇನಿಷಿಯಲ್ ಮಾತ್ರ ಇರುವ ಲಕ್ಷಾಂತರ ಕನ್ನಡಿಗರು ಅಲ್ಲಿ ಒಂದು ಚುಕ್ಕೆ ಹಾಕಿ ಮುಂದೆ ಹೋಗಬೇಕಾಗುತ್ತದೆ. ‘ಪೂರ್ಣ ಹೆಸರು’ ಎಂಬ ಒಂದೇ ಪೆಟ್ಟಿಗೆ ಸಾಕು.

ಕನ್ನಡ ಕೀಲಿಮಣೆಯಲ್ಲಿರುವವರು ಪಿನ್‌ಕೋಡನ್ನು ೫೬೦೦೦೧ ಎಂದು ಬರೆದರೆ? ಪೈಥಾನ್‌ನಲ್ಲಿ ಇಂಟ್ ಫಂಕ್ಷನ್‌ಗೆ ಇದನ್ನು ಕೊಟ್ಟರೆ 560001 ಬರುತ್ತದೆ. ಜಾವಾಸ್ಕ್ರಿಪ್ಟ್‌ನ ನಂಬರ್ ಫಂಕ್ಷನ್ ಇದನ್ನು ಸಂಖ್ಯೆಯೇ ಅಲ್ಲ ಎನ್ನುತ್ತದೆ. ಪರಿಶೀಲನೆಗೆ ಮೊದಲು ಕನ್ನಡ ಅಂಕಿಗಳನ್ನು ಬದಲಿಸುವ ಎರಡು ಸಾಲಿನ ಫಂಕ್ಷನ್ ಬರೆಸಿ. ತಪ್ಪನ್ನು ತಾಳಿಕೊಳ್ಳುವ ತತ್ವ ಎಂದರೆ ಇದು. ಬಳಸುವವರು ತಪ್ಪು ಮಾಡಿಯೇ ಇಲ್ಲ, ನಮ್ಮ ಕೋಡ್ ಹಾಗೆಂದುಕೊಂಡಿತ್ತು.

ಸಾಲಿನ ಎತ್ತರದ ಬಗ್ಗೆ: 1.2 ಲೈನ್-ಹೈಟ್‌ನಲ್ಲಿ ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’ ಪದಗಳ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ, ನಿಗದಿತ ಎತ್ತರದ ಬಟನ್‌ನಲ್ಲಿ ಕತ್ತರಿಸಿ ಹೋಗುತ್ತವೆ. 1.6ರಿಂದ 1.8 ಇಡಿ. ಬಟನ್‌ಗೆ ಎತ್ತರದ ಬದಲು ಕನಿಷ್ಠ ಎತ್ತರ ಮತ್ತು ಪ್ಯಾಡಿಂಗ್ ಕೊಡಿ.

ಫೋಟೊ 50 ಕೆಬಿ ಒಳಗಿರಬೇಕು ಎಂಬ ನಿಯಮವನ್ನು ವಿದ್ಯಾರ್ಥಿಗಳು ಅಭ್ಯಾಸಬಲದಿಂದ ಹಾಕುತ್ತಾರೆ. ಜನ ಸೈಬರ್ ಸೆಂಟರ್‌ಗೆ ಅಲೆದು ಹಣ ಕೊಟ್ಟು ಚಿತ್ರ ಕಿರಿದು ಮಾಡಿಸುವುದು ಇದರಿಂದಲೇ. ಕ್ಯಾನ್ವಾಸ್ ಬಳಸಿ ಬ್ರೌಸರ್‌ನಲ್ಲೇ ಚಿತ್ರ ಚಿಕ್ಕದು ಮಾಡುವುದು ಇಪ್ಪತ್ತು ಮೂವತ್ತು ಸಾಲಿನ ಕೆಲಸ. ಆ ಶ್ರಮವನ್ನು ಪ್ರೋಗ್ರಾಮರ್ ಒಮ್ಮೆ ಪಟ್ಟರೆ ಮುಗಿಯಿತು.

ಎಂಟನೇ ವಾರ: ಬಣ್ಣ ಮತ್ತು ಜೂಮ್

ಬಣ್ಣದ ವ್ಯತ್ಯಾಸವನ್ನು ಉಪದೇಶ ಮಾಡದೆ ಪ್ರೋಗ್ರಾಂ ಆಗಿ ಬರೆಸಿ. ಪ್ರತಿ ಬಣ್ಣದ ಕೆಂಪು, ಹಸಿರು, ನೀಲಿಯನ್ನು 255ರಿಂದ ಭಾಗಿಸಿ. ಬಂದ ಬೆಲೆ 0.04045ಕ್ಕಿಂತ ಹೆಚ್ಚಿದ್ದರೆ ಅದಕ್ಕೆ 0.055 ಕೂಡಿ, 1.055ರಿಂದ ಭಾಗಿಸಿ, 2.4ರ ಘಾತಕ್ಕೆ ಏರಿಸಿ, ಕಡಿಮೆಯಿದ್ದರೆ 12.92ರಿಂದ ಭಾಗಿಸಿ. ಕೆಂಪಿಗೆ 0.2126, ಹಸಿರಿಗೆ 0.7152, ನೀಲಿಗೆ 0.0722 ತೂಕ ಕೊಟ್ಟು ಕೂಡಿದರೆ ಬೆಳಕಿನ ಪ್ರಮಾಣ. ಎರಡೂ ಬಣ್ಣಗಳ ಪ್ರಮಾಣಕ್ಕೆ 0.05 ಕೂಡಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ.

ಬಿಳಿಯ ಮೇಲೆ ಕಪ್ಪು 21 ಬರಬೇಕು. ಬಿಳಿಯ ಮೇಲೆ ಹ್ಯಾಶ್ 777777 ಬೂದು 4.48 ಬರಬೇಕು, 767676 ಆದರೆ 4.54. ಸಾಮಾನ್ಯ ಪಠ್ಯಕ್ಕೆ ಬೇಕಾದ್ದು 4.5:1, ಹಾಗಾಗಿ ಮೊದಲನೆಯದು ಬಿತ್ತು, ಎರಡನೆಯದು ಗೆದ್ದಿತು. 777777ಕ್ಕೆ 2.03 ಬಂದರೆ 0.055 ಕೂಡುವುದರಿಂದ ಹಿಡಿದು ಘಾತದವರೆಗಿನ ಇಡೀ ಹಂತವನ್ನು ಬಿಟ್ಟಿದ್ದಾರೆ ಎಂದು ನೋಡದೆಯೇ ಹೇಳಬಹುದು. ಬರೀ ಕಪ್ಪು-ಬಿಳುಪಿನಲ್ಲಿ ಪರೀಕ್ಷಿಸಿದರೆ ಈ ತಪ್ಪು ಬಯಲಾಗದು, ಸೊನ್ನೆ ಮತ್ತು ಒಂದಕ್ಕೆ ಘಾತ ಏನೂ ಮಾಡುವುದಿಲ್ಲ. 24 ಪಿಕ್ಸೆಲ್ ಮೇಲಿನ ದೊಡ್ಡ ಪಠ್ಯಕ್ಕೂ ಪೆಟ್ಟಿಗೆಯ ಅಂಚಿಗೂ 3:1 ಸಾಕು.

ಜೂಮ್ ಪರೀಕ್ಷೆ ಸರಳ. 1280 ಪಿಕ್ಸೆಲ್ ಅಗಲದ ಕಿಟಕಿಯನ್ನು 400 ಶೇಕಡಾಕ್ಕೆ ಹಿಗ್ಗಿಸಿದರೆ 320 ಪಿಕ್ಸೆಲ್ ಅಗಲವಾದಂತೆ. ಆಗ ಅಡ್ಡಡ್ಡ ಜಾರಿಸದೆ ಅರ್ಜಿ ತುಂಬಲು ಆಗಬೇಕು. ವ್ಯೂಪೋರ್ಟ್ ಟ್ಯಾಗ್‌ನಲ್ಲಿ ಜೂಮ್ ತಡೆಯುವ ಬೆಲೆ ಇದ್ದರೆ ಅಳಿಸಿ. ಒತ್ತುವ ಗುರಿಗಳು ಕನಿಷ್ಠ 24 ಗುಣಿಸು 24 ಪಿಕ್ಸೆಲ್. ಫೋನಿಗೆ 44 ಇಟ್ಟರೆ ಇನ್ನೂ ಒಳ್ಳೆಯದು.

ಒಂಬತ್ತನೇ ವಾರ: ಈಗ ಯಂತ್ರದ ಪರೀಕ್ಷೆ

ಲೈಟ್‌ಹೌಸ್ ಅನ್ನು ಇಷ್ಟು ತಡವಾಗಿ ತರಲು ಕಾರಣ, ಮೊದಲೇ ಕೊಟ್ಟರೆ ವಿದ್ಯಾರ್ಥಿ ನೂರು ಬರುವವರೆಗೆ ತಿದ್ದಿ ನಿಲ್ಲಿಸುತ್ತಾನೆ. ಈ ವಾರಕ್ಕೆ ನೀವೇ ಒಂದು ಪುಟ ಮಾಡಿ ತನ್ನಿ: ಎಲ್ಲ ಚಿತ್ರಗಳ ಆಲ್ಟ್ (ಚಿತ್ರದ ಬದಲು ಓದುವ ವಿವರಣೆ) ‘ಚಿತ್ರ’, ಎಲ್ಲ ಲೇಬಲ್ ‘ಇಲ್ಲಿ ಬರೆಯಿರಿ’, ದೋಷ ಸೂಚನೆ ಜೋಡಣೆಯಿಲ್ಲದ್ದು, ಪಾಪ್‌ಅಪ್‌ನಿಂದ ಹೊರಬರಲು ಕೀಬೋರ್ಡ್ ದಾರಿಯಿಲ್ಲದ್ದು. ಅಂಕ ನೂರರ ಆಸುಪಾಸಿನಲ್ಲೇ ಇರುತ್ತದೆ. ಆಲ್ಟ್ ಇದೆಯೇ ಎಂದು ಯಂತ್ರ ನೋಡುತ್ತದೆ, ಅರ್ಥವಿದೆಯೇ ಎಂಬುದು ಅದಕ್ಕೆ ತಿಳಿಯದು. ಹಾಗೆಂದು ಉಪಕರಣಗಳನ್ನು ಕಡೆಗಣಿಸಬೇಡಿ. ವೆಬ್‌ಏಮ್ ಸಂಸ್ಥೆ ಹತ್ತು ಲಕ್ಷ ಜಾಲತಾಣಗಳ ಮುಖಪುಟಗಳನ್ನು ಪ್ರತಿವರ್ಷ ಯಂತ್ರದಿಂದಲೇ ಪರೀಕ್ಷಿಸುತ್ತದೆ. 2025ರಲ್ಲಿ ಶೇ 94.8ರಷ್ಟರಲ್ಲಿ ತಪ್ಪು ಸಿಕ್ಕಿತು, ಅತಿ ಹೆಚ್ಚು ಕಂಡದ್ದು ಮಸುಕು ಬಣ್ಣದ ಪಠ್ಯ. ಯಂತ್ರಕ್ಕೆ ಸಿಗುವ ತಪ್ಪನ್ನೂ ಜನ ತಿದ್ದುತ್ತಿಲ್ಲ ಎಂದಾಯಿತು.

ಹನ್ನೊಂದನೇ ವಾರ: ಬಳಸುವವರನ್ನು ಕರೆಯುವುದು

ಸ್ಕ್ರೀನ್ ರೀಡರ್ ದಿನವೂ ಬಳಸುವ ಒಬ್ಬರನ್ನು ಕರೆಸಿ. ಬೆಂಗಳೂರಿನಲ್ಲಿ ಎನೇಬಲ್ ಇಂಡಿಯಾ, ಮಿತ್ರಜ್ಯೋತಿ, ಸಮರ್ಥನಂ ಸಂಸ್ಥೆಗಳು ಅಂಗವಿಕಲರೊಂದಿಗೆ ಬಹಳ ಕಾಲದಿಂದ ಕೆಲಸ ಮಾಡುತ್ತಿವೆ; ಬೇರೆ ಜಿಲ್ಲೆಗಳಲ್ಲೂ ಅಂಧರ ಶಾಲೆ, ಸಂಘಗಳಿವೆ. ಬರುವವರಿಗೆ ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ, ಪ್ರಯಾಣ ಭತ್ಯೆ ಕೊಡಿ. ಶಾಲು ಹೊದಿಸಿ ಸ್ಫೂರ್ತಿಯ ಭಾಷಣ ಮಾಡಿಸುವ ಕಾರ್ಯಕ್ರಮ ಬೇಡ, ಅವರು ಬಂದಿರುವುದು ತಜ್ಞರಾಗಿ. ಅವರ ಸ್ವಂತ ಲ್ಯಾಪ್‌ಟಾಪ್, ಅವರ ಸೆಟ್ಟಿಂಗ್, ಮೂರು ಕೆಲಸ, ಒಂದು ಗಂಟೆ. ವಿದ್ಯಾರ್ಥಿಗಳು ಬಾಯಿ ಮುಚ್ಚಿ ಬರೆದುಕೊಳ್ಳಬೇಕು. ‘ಅಲ್ಲಿ ಒತ್ತಿ ಸಾರ್’ ಎಂದು ಹೇಳಿದರೆ ಪರೀಕ್ಷೆ ಕೆಟ್ಟಂತೆ. ರೆಕಾರ್ಡ್ ಮಾಡುವುದಾದರೆ ಮೊದಲು ಒಪ್ಪಿಗೆ ಕೇಳಿ. ತರಗತಿಯಲ್ಲೇ ಅಂಗವಿಕಲ ವಿದ್ಯಾರ್ಥಿ ಇದ್ದರೆ ಅವರನ್ನು ಮಾದರಿಯಾಗಿ ನಿಲ್ಲಿಸಬೇಡಿ. ಅವರೂ ಉಳಿದವರಂತೆ ಕಲಿಯಲು ಬಂದವರು.

ಅಂಕ

ಆಂತರಿಕ ಮೌಲ್ಯಮಾಪನದಲ್ಲಿ 20 ಅಂಕ ಇಡಿ: ಕೀಬೋರ್ಡ್ ಬಳಕೆಗೆ 6, ಲೇಬಲ್ ಮತ್ತು ದೋಷ ಸೂಚನೆಗೆ 5, ಕನ್ನಡ ಇನ್‌ಪುಟ್‌ಗೆ 4, ಬಣ್ಣ ಮತ್ತು ಜೂಮ್‌ಗೆ 2, ಪರೀಕ್ಷಾ ವರದಿಗೆ 3. ಇದರ ಮೇಲೆ ಒಂದು ಗಟ್ಟಿ ನಿಯಮ: ಮೌಸ್ ಇಲ್ಲದೆ ಸಲ್ಲಿಸಲಾಗದ ಅರ್ಜಿಯನ್ನು ಕಂಪೈಲ್ ಆಗದ ಪ್ರೋಗ್ರಾಮಿನಂತೆ ಹಿಂದಿರುಗಿಸಿ. ವೈವಾದಲ್ಲಿ ಏಳು ತತ್ವಗಳ ಹೆಸರು ಕೇಳಬೇಡಿ. ಅವರ ಕೋಡಿನ ಒಂದು ಸಾಲು ತೋರಿಸಿ, ಇದನ್ನು ತೆಗೆದರೆ ಯಾರಿಗೆ ತೊಂದರೆ, ಹೇಗೆ ಎಂದು ಕೇಳಿ.

ಮುಂದಿನ ವರ್ಷದ ಬ್ಯಾಚ್‌ಗೆ ಹೊಸ ಅರ್ಜಿ ಬರೆಸುವ ಬದಲು ಈ ವರ್ಷದ ಸೀನಿಯರ್‌ಗಳ ಕೋಡನ್ನೇ, ಹೆಸರು ತೆಗೆದು, ತಿದ್ದಲು ಕೊಡಿ. ಅದರೊಂದಿಗೆ ಅವರು ಬರೆದಿಟ್ಟ ಪರೀಕ್ಷಾ ವರದಿಯನ್ನೂ ಕೊಡಿ. ವರದಿಯಲ್ಲಿ ಬರೆದ ತಪ್ಪುಗಳು ನಿಜಕ್ಕೂ ಸರಿಯಾಗಿವೆಯೇ ಎಂದು ನೋಡುವುದೇ ಅವರ ಮೊದಲ ಲ್ಯಾಬ್.